ಸೊಂಟದ ಕೀಲಿನ ಬಟ್ಟಲು ಮುರಿದಾಗ: ಅಧ್ಯಯನ ಟಿಪ್ಪಣಿ

ಶ್ರೋಣಿಯ (ಪೆಲ್ವಿಸ್) ಮೂಳೆಗಳು ಕೂಡಿ ಒಂದು ಉಂಗುರವಾಗುತ್ತವೆ. ಅದರ ಎರಡೂ ಬದಿಯ ಹೊರಮೈಯಲ್ಲಿ ತೊಡೆಮೂಳೆಯ ತಲೆ ಕೂರುವ ಬಟ್ಟಲು, ಅಂದರೆ ಅಸಿಟ್ಯಾಬ್ಯುಲಮ್ ಇದೆ. ಉಂಗುರವೇ ಮುರಿದು ಬಾಯ್ದೆರೆದರೆ ಮೊದಲ ಅಪಾಯ ಒಳಗಿನ ರಕ್ತಸ್ರಾವ. ಆಗ ಬಿಗಿಯುವ ಪಟ್ಟಿಯನ್ನು ನಡುವಿಗಲ್ಲ, ಅದಕ್ಕಿಂತ ಕೆಳಗೆ, ತೊಡೆಯ ಮೇಲ್ತುದಿಯಲ್ಲಿ ಹೊರಗೆ ಕೈಗೆ ಸಿಗುವ ಮೂಳೆಯುಬ್ಬಿನ ಮಟ್ಟಕ್ಕೆ ಕಟ್ಟಬೇಕು. ಬಟ್ಟಲು ಮುರಿದಾಗ ಮುಖ್ಯ ಪ್ರಶ್ನೆ ಬೇರೆ: ಕೀಲಿನ ನುಣುಪಾದ ಮೇಲ್ಮೈ ಮತ್ತೆ ಸಮನಾಗಿ ಹೊಂದುತ್ತದೆಯೇ?

ಕಾರು ಡಿಕ್ಕಿಯಾದಾಗ ಮುಂದೆ ಕುಳಿತವರ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿದರೆ, ಆ ಹೊಡೆತ ತೊಡೆಮೂಳೆಯುದ್ದಕ್ಕೂ ಸಾಗಿ ಬಟ್ಟಲಿನ ಹಿಂಗೋಡೆಯನ್ನು ಒಡೆದು, ಆ ಮೂಳೆಯ ತಲೆಯನ್ನು ಹಿಂದಕ್ಕೆ ಜಾರಿಸಬಲ್ಲದು. ಕೀಲಿನ ಹಿಂದೆಯೇ ಕಾಲು, ಪಾದಗಳಿಗೆ ಹೋಗುವ ಸಯಾಟಿಕ್ ನರವಿರುವುದರಿಂದ, ರೋಗಿ ಪಾದವನ್ನು ಮೇಲಕ್ಕೆತ್ತಬಲ್ಲರೇ ಎಂಬುದನ್ನು ಕೀಲು ಕೂರಿಸುವ ಮೊದಲೂ ಕೂರಿಸಿದ ಮೇಲೂ ನೋಡಿ ಬರೆದಿಡಲೇಬೇಕು. ಜಾರಿದ ತಲೆಗೆ ರಕ್ತಪೂರೈಕೆ ಕುಂದುವುದರಿಂದ ಅದನ್ನು ಕೆಲವೇ ಗಂಟೆಗಳೊಳಗೆ ಸ್ವಸ್ಥಾನಕ್ಕೆ ತರಬೇಕಾಗುತ್ತದೆ.

ಬಟ್ಟಲಿನ ಮುರಿತಗಳಿಗೆ ಪ್ಯಾರಿಸ್‌ನ ಶಸ್ತ್ರವೈದ್ಯರಾದ ಜುಡೆ ಮತ್ತು ಲೆಟೂರ್ನೆಲ್ 1964ರಲ್ಲಿ ಪ್ರಕಟಿಸಿದ ವರ್ಗೀಕರಣವೇ ಇಂದಿಗೂ ಆಧಾರ. ಬಟ್ಟಲನ್ನು ಹಿಡಿದಿರುವ ಮೂಳೆಯನ್ನು ಮುಂದಿನ ಮತ್ತು ಹಿಂದಿನ ಎರಡು ಕಂಬಗಳಾಗಿ ಕಾಣುವ ಕಲ್ಪನೆಯ ಮೇಲೆ ನಿಂತ ಅದರಲ್ಲಿ ಐದು ಸರಳ, ಐದು ಮಿಶ್ರ ಬಗೆಗಳಿವೆ. ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ, 45 ಡಿಗ್ರಿ ಓರೆಯಾಗಿ ತೆಗೆದ ಎರಡು ಎಕ್ಸ್-ರೇಗಳಲ್ಲಿ ಕಂಬಗಳ ಗೆರೆಗಳನ್ನು ಬೆರಳಿಟ್ಟು ಹಿಂಬಾಲಿಸುವುದು ಹೆಚ್ಚು ಫಲಕಾರಿ. ಸಿಟಿ ಸ್ಕ್ಯಾನ್ ಆಮೇಲೆ ನೋಡಿದರಾಯಿತು. ಭಾರ ಹೊರುವ ಮೇಲ್ಭಾಗದಲ್ಲಿ ತುಂಡುಗಳು 2 ಮಿ.ಮೀ.ಗಿಂತ ಹೆಚ್ಚು ಸರಿದಿದ್ದರೆ ಸಾಮಾನ್ಯವಾಗಿ ಪ್ಲೇಟು, ಸ್ಕ್ರೂಗಳ ಶಸ್ತ್ರಚಿಕಿತ್ಸೆಯನ್ನು ಯೋಚಿಸುತ್ತಾರೆ.

ಚೇತರಿಕೆಯ ವಿಷಯದಲ್ಲಿ ರೋಗಿಗಳ ಮನೆಯವರು ‘ಭಾರ ಹಾಕಬೇಡಿ’ ಎಂದದ್ದನ್ನು ‘ಅಲುಗಾಡಬೇಡಿ’ ಎಂದು ತಿಳಿದು ಹಾಸಿಗೆಯಲ್ಲೇ ಮಲಗಿಸಿಬಿಡುವುದುಂಟು. ಇದು ನಿಜಕ್ಕೂ ಅಪಾಯ, ಏಕೆಂದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಬಹುದು. ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಡುವುದರ ಜೊತೆಗೆ ಪಾದವನ್ನು ಮೇಲೆ ಕೆಳಗೆ ಆಡಿಸುವುದನ್ನು ಬೇಗ ಆರಂಭಿಸಬೇಕು. ವಾಕರ್ ಹಿಡಿದು ನಿಂತಾಗ ಪೆಟ್ಟಾದ ಕಾಲಿನ ಬೆರಳುಗಳು ಸಮತೋಲಕ್ಕಷ್ಟೇ ನೆಲ ಮುಟ್ಟಬೇಕು. ಈ ಮಿತಿ ಸಾಮಾನ್ಯವಾಗಿ 6ರಿಂದ 12 ವಾರ ಇರುತ್ತದೆ. ಹಿಂಗೋಡೆ ಮುರಿದವರು ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸಬಾರದೆಂದಿದ್ದರೆ, ನಮ್ಮ ಮನೆಗಳಲ್ಲಿ ಅದರರ್ಥ ಚಕ್ಕಳಮಕ್ಕಳ ಕೂರುವುದೂ ಕುಕ್ಕರುಗಾಲಿನ ಶೌಚಾಲಯವೂ ಸದ್ಯಕ್ಕೆ ಬೇಡವೆಂದು. ಎತ್ತರದ ಕಮೋಡ್ ಕುರ್ಚಿಯನ್ನು ಆಸ್ಪತ್ರೆಯಿಂದ ಮನೆಗೆ ಹೋಗುವ ಮುನ್ನವೇ ಹೊಂದಿಸಲು ಹೇಳಬೇಕು.

ಮೂಳೆ ಕೂಡಿದ ಮೇಲೂ ಪೃಷ್ಠದ ಸ್ನಾಯುಗಳ ಬಲಹೀನತೆಯಿಂದ ಕುಂಟು ಉಳಿಯಬಹುದು, ಅದಕ್ಕೆ ತಿಂಗಳುಗಟ್ಟಲೆ ವ್ಯಾಯಾಮ ಬೇಕು. ಆದರೆ ಚೆನ್ನಾಗಿ ನಡೆಯುತ್ತಿದ್ದವರಿಗೆ ತೊಡೆಸಂದಿಯಲ್ಲಿ ಹೊಸದಾಗಿ ನೋವು ಶುರುವಾದರೆ ಅದನ್ನು ಸ್ನಾಯುವಿನ ಲೆಕ್ಕಕ್ಕೆ ಹಾಕದೆ ಮತ್ತೆ ಎಕ್ಸ್-ರೇ ತೆಗೆಸಬೇಕು: ಕೀಲು ಸವೆದಿರಬಹುದು, ಇಲ್ಲವೇ ರಕ್ತ ಸಿಗದೆ ತೊಡೆಮೂಳೆಯ ತಲೆ ಕುಸಿಯುತ್ತಿರಬಹುದು.