ಟೈಪ್ ಮಿಸ್‌ಮ್ಯಾಚ್: ಕಂಪೈಲರ್ ಯಾಕೆ ಬೈತಿದೆ?

ಸಂಖ್ಯೆ ಬೇಕಾದ ಕಡೆ ಸ್ಟ್ರಿಂಗ್ (ಅಕ್ಷರಗಳ ಸಾಲು) ಕೊಟ್ಟರೆ ಕಂಪೈಲರ್, ಅಂದರೆ ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರಕ್ಕೆ ಅನುವಾದಿಸುವ ಸಾಫ್ಟ್‌ವೇರ್, ಅಲ್ಲೇ ತಡೆಯುತ್ತದೆ. ಇದಕ್ಕೆ ಟೈಪ್ ಮಿಸ್‌ಮ್ಯಾಚ್ (ಮೌಲ್ಯದ ಬಗೆ ಹೊಂದದಿರುವುದು) ಅಂತಾರೆ. ಪ್ರೋಗ್ರಾಂ ಓಡುವ ಮುಂಚೆಯೇ ತಪ್ಪು ಸಿಗುವುದು ಒಳ್ಳೆಯದೇ. ಆದರೆ ತಪ್ಪು ಒಂದು ಕಡೆ, ದೂರು ಇನ್ನೊಂದು ಕಡೆ ಬಂದಾಗ ತಲೆನೋವು ಶುರುವಾಗುತ್ತದೆ.

ರಸ್ಟ್ ಭಾಷೆಯದೇ ಒಂದು ಉದಾಹರಣೆ ನೋಡೋಣ. ಎರಡು ಸಂಖ್ಯೆ ಕೂಡಿಸಿ ಐ32 (32 ಬಿಟ್‌ನ ಪೂರ್ಣಾಂಕ) ಕೊಡುವ ಫಂಕ್ಷನ್ ಬರೆಯುತ್ತೀರಿ. ಕೊನೆಯ ಸಾಲು ಎ ಪ್ಲಸ್ ಬಿ. ಸಿ, ಜಾವಾ ಬರೆದ ಕೈ, ಸುಮ್ನೆ ಒಂದು ಸೆಮಿಕೋಲನ್ ಹಾಕಿಬಿಡುತ್ತದೆ. ರಸ್ಟ್‌ನಲ್ಲಿ ಹಾಗೆ ಹಾಕಿದರೆ ಕೂಡಿಸಿದ ಉತ್ತರ ಅಲ್ಲೇ ಬಿದ್ದುಹೋಗುತ್ತದೆ. ಫಂಕ್ಷನ್‌ನಿಂದ ಹೊರಬರುವುದು ಯೂನಿಟ್, ಅಂದರೆ ಏನೂ ಮಾಹಿತಿ ಇಲ್ಲದ ಮೌಲ್ಯ, ಬರೀ ಒಂದು ಜೊತೆ ಆವರಣ. 'ಐ32 ಬೇಕಿತ್ತು, ಖಾಲಿ ಆವರಣ ಸಿಕ್ಕಿತು' ಅಂತಷ್ಟೇ ಹೇಳಿದರೆ ಹೊಸಬರಿಗೆ ಏನು ತಿಳಿಯುತ್ತೆ? ನಾನೆಲ್ಲಿ ಆವರಣ ಬರೆದೆ ಅಂತ ಹುಡುಕುತ್ತಾ ಕೂರಬೇಕು, ಅಲ್ವಾ? ರಸ್ಟ್ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಐ32 ಬೇಕು ಅಂತ ನೀವೇ ಬರೆದ ಜಾಗಕ್ಕೆ ಅಡಿಗೆರೆ ಎಳೆಯುತ್ತದೆ. ಫಂಕ್ಷನ್ ಹೆಸರಿನ ಕೆಳಗೆ, ಇದು ತಾನಾಗಿಯೇ ಯೂನಿಟ್ ಕೊಡುತ್ತಿದೆ ಅಂತ ಬರೆಯುತ್ತದೆ. ಕೊನೆಗೆ ಆ ಸೆಮಿಕೋಲನ್ ತೋರಿಸಿ, ಇದನ್ನು ತೆಗೆಯಿರಿ ಅನ್ನುತ್ತದೆ. ಈ ಎರರ್‌ನ ನಂಬರ್ ಇ0308.

ನನ್ನ ಪ್ರಕಾರ ಇಲ್ಲಿ ಜಾಸ್ತಿ ಬೆಲೆ ಇರುವುದು ಮೊದಲ ಅಡಿಗೆರೆಗೆ. 'ಇದು ಬೇಕಿತ್ತು' ಅಂದರೆ ಸಾಲದು, ಯಾಕೆ ಬೇಕಿತ್ತು ಅನ್ನುವುದೂ ಗೊತ್ತಾಗಬೇಕು.

ಇದಕ್ಕೆ ದಾರಿ ಹಾಕಿಕೊಟ್ಟಿದ್ದು ಎಲ್ಮ್ ಎಂಬ ಭಾಷೆ. ಅದನ್ನು ಕಟ್ಟಿದ ಇವಾನ್ ಚಾಪ್ಲಿಕ್ಕಿ 2015ರಲ್ಲಿ ಎರರ್ ಸಂದೇಶಗಳನ್ನೇ ಹಿಡಿದು ಕೂತು, ಮನುಷ್ಯರು ಮಾತಾಡುವ ಹಾಗೆ ತಿದ್ದಿದರು. 2016ರಲ್ಲಿ ರಸ್ಟ್ ತನ್ನ ಸಂದೇಶಗಳ ರೂಪ ಬದಲಿಸಿದಾಗ ಎಲ್ಮ್‌ನ ಋಣವನ್ನು ಹೇಳಿಕೊಂಡಿತು.

ಸಿ ಪ್ಲಸ್ ಪ್ಲಸ್‌ನವರ ಕಷ್ಟ ಬೇರೆ. ಲಿಸ್ಟ್ ಒಂದನ್ನು, ವಿಂಗಡಿಸಿ ಕೊಡುವ ಲೈಬ್ರರಿ ಫಂಕ್ಷನ್ ಆದ ಸ್ಟ್ಯಾಂಡರ್ಡ್ ಸಾರ್ಟ್‌ಗೆ ಕೊಟ್ಟು ನೋಡಿ. ತಪ್ಪು ನಿಮ್ಮ ಒಂದು ಸಾಲಿನದು, ದೂರು ಬರುವುದು ನೀವು ಯಾವತ್ತೂ ತೆರೆದು ನೋಡದ ಲೈಬ್ರರಿ ಫೈಲ್‌ನಿಂದ. ಲಿಸ್ಟ್‌ನ ಜಾಗಗಳನ್ನು ತೋರಿಸುವ ಎರಡು ಇಟರೇಟರ್‌ಗಳನ್ನು ಕಳೆಯಲು ಆಗಲ್ಲ ಅಂತ ಪುಟಗಟ್ಟಲೆ ಸಂದೇಶ. ಸಿ ಪ್ಲಸ್ ಪ್ಲಸ್ 20ರಲ್ಲಿ ಕಾನ್ಸೆಪ್ಟ್ಸ್ (ಟೈಪ್‌ಗೆ ಏನೇನು ಇರಬೇಕು ಅನ್ನುವ ಷರತ್ತುಗಳು) ಬಂದ ಮೇಲೆ, ಹೊಸ ಲೈಬ್ರರಿ ಭಾಗವಾದ ರೇಂಜಸ್‌ನ ಸಾರ್ಟ್ ಬಾಗಿಲಲ್ಲೇ ತಡೆದು, ರ್‍ಯಾಂಡಮ್ ಆಕ್ಸೆಸ್ ಇಟರೇಟರ್ (ಯಾವ ಜಾಗಕ್ಕಾದರೂ ನೇರ ಹಾರಬಲ್ಲದ್ದು, ಲಿಸ್ಟ್‌ಗೆ ಅದಿಲ್ಲ) ಬೇಕು ಅನ್ನುತ್ತದೆ. ಸಂದೇಶ ಈಗಲೂ ಉದ್ದವೇ, ಆದರೆ ಕಾರಣ ಸಿಗುತ್ತದೆ.

ಟೈಪನ್ನು ತಾನೇ ಊಹಿಸುವ ಹ್ಯಾಸ್ಕೆಲ್‌ನಂಥ ಭಾಷೆಗಳಲ್ಲಿ ಇದು ಇನ್ನೂ ಕಗ್ಗಂಟು. ಒಂದೇ ಹೆಸರನ್ನು ಫಂಕ್ಷನ್‌ನ ಮೇಲುಗಡೆ ಸಂಖ್ಯೆಯಂತೆ, ಕೆಳಗಡೆ ಸ್ಟ್ರಿಂಗ್‌ನಂತೆ ಬಳಸಿದರೆ ಎರಡೂ ಹೊಂದುವುದಿಲ್ಲ ಅನ್ನುವುದಷ್ಟೇ ಕಂಪೈಲರ್‌ಗೆ ಗೊತ್ತು. ಯಾವುದು ತಪ್ಪು ಅನ್ನುವುದು ಬರೆದವರ ಮನಸ್ಸಿನಲ್ಲಿದೆ. ಹಾಗಾಗಿ ಅದು ಕೊಡುವ ಸಲಹೆಯನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಸಂಖ್ಯೆಯನ್ನು ಸ್ಟ್ರಿಂಗ್ ಮಾಡಿ ಎಂದಿತು ಅಂತ ಮಾಡಿದರೆ ಎರರ್ ಹೋಗಬಹುದು, ಲೆಕ್ಕ ಮಾತ್ರ ತಪ್ಪಾಗಿಯೇ ಉಳಿಯಬಹುದು.