ಪತ್ರಿಕೆ ಯಾರದು? ‘ಸಂಯುಕ್ತ ಕರ್ನಾಟಕ’ದ ಉದಾಹರಣೆ ಹಿಡಿದು ಒಂದು ಟಿಪ್ಪಣಿ

ಕಲಬುರಗಿಯಲ್ಲಿ ಪತ್ರಿಕೋದ್ಯಮ ಓದುವ ಗೆಳೆಯರೇ, ಕಲಬುರಗಿ ಆವೃತ್ತಿ ಬೇರೆ, ಕಲಬುರಗಿ ಪತ್ರಿಕೆ ಬೇರೆ. ದೊಡ್ಡ ದಿನಪತ್ರಿಕೆಗಳ ಒಳಪುಟ ತೆಗೆದರೆ ಆಳಂದ, ಸೇಡಂ, ಚಿತ್ತಾಪುರದ ಸುದ್ದಿ ಇರುತ್ತದೆ. ಮಾಲೀಕರು ಮಾತ್ರ ಬೆಂಗಳೂರು, ಹುಬ್ಬಳ್ಳಿ, ಮಣಿಪಾಲದ ಕಡೆಯವರು.

ಯಾಕೆ ಹೀಗೆ? ಮಂಗಳೂರಿನಲ್ಲಿ 1843ರಲ್ಲೇ ‘ಮಂಗಳೂರ ಸಮಾಚಾರ’ ಬಂತು. ನಮ್ಮ ಭಾಗ 1948ರ ಸೆಪ್ಟೆಂಬರ್ 17ರವರೆಗೂ ನಿಜಾಮರ ಕೈಯಲ್ಲಿತ್ತು. ಕಚೇರಿ, ಕೋರ್ಟು ಎಲ್ಲ ಉರ್ದುವಿನಲ್ಲೇ. ಬರೆಯುವವರಿಗೆ ಜೀವಭಯವೂ ಇತ್ತು. ನಿಜಾಮರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ವಿರುದ್ಧ ಬರೆದ, ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಂದರು. ವಿಮೋಚನೆಗೆ ಇನ್ನೂ ಒಂದು ತಿಂಗಳೂ ಇರಲಿಲ್ಲ. ಈ ಹೆಸರನ್ನು ದಯವಿಟ್ಟು ಮರೆಯಬೇಡಿ.

ಈಗ ‘ಸಂಯುಕ್ತ ಕರ್ನಾಟಕ’. 1921ರಲ್ಲಿ ಬೆಳಗಾವಿಯಲ್ಲಿ ಶುರುವಾಗಿ, ಆಮೇಲೆ ಹುಬ್ಬಳ್ಳಿಗೆ ಬಂದ ಪತ್ರಿಕೆ. ಇದಕ್ಕೆ ಸೇಟು ಮಾಲೀಕರಿಲ್ಲ, ಷೇರುದಾರರೂ ಇಲ್ಲ. 1935ರಲ್ಲಿ ಹುಟ್ಟಿದ ಲೋಕ ಶಿಕ್ಷಣ ಟ್ರಸ್ಟ್ ಇದರ ಒಡೆತನ ಹೊಂದಿದೆ. ಅಂದ್ರೆ ಲಾಭ ಬಂದರೂ ಯಾರೂ ಮನೆಗೆ ಒಯ್ಯುವಂತಿಲ್ಲ.

ಹಾಗಾದ್ರೆ ಆದಾಯ ತೆರಿಗೆ ಕಟ್ಟಬೇಕಾ? ಈ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ‘ಪತ್ರಿಕೆಯಿಂದ ಜನ ಕಲಿಯುತ್ತಾರೆ, ಇದೂ ಶಿಕ್ಷಣವೇ, ಹಾಗಾಗಿ ತೆರಿಗೆ ವಿನಾಯಿತಿ ಬೇಕು’ ಎಂಬುದು ಟ್ರಸ್ಟಿನ ವಾದ. 1975ರಲ್ಲಿ ಕೋರ್ಟ್ ಒಪ್ಪಲಿಲ್ಲ. ಆದಾಯ ತೆರಿಗೆ ಕಾಯ್ದೆಯಲ್ಲಿ ಶಿಕ್ಷಣ ಅಂದರೆ ಕ್ರಮವಾಗಿ ಕಲಿಸುವುದು, ಶಾಲೆಯಲ್ಲಿ ಆಗುವಂಥದ್ದು. ಓದಿ ನಾಲ್ಕು ವಿಷಯ ತಿಳಿದುಕೊಂಡ ಮಾತ್ರಕ್ಕೆ ಅದು ಶಿಕ್ಷಣವಾಗದು. ಪತ್ರಿಕೆ ನಡೆಸುವುದು ಲಾಭದ ಚಟುವಟಿಕೆಯೇ, ಹಾಗಾಗಿ ವಿನಾಯಿತಿ ಇಲ್ಲ ಎಂದಿತು. ನನಗಂತೂ ಇಡೀ ಪಾಠದಲ್ಲಿ ಇದೇ ಮುಖ್ಯ ಭಾಗ. ಟ್ರಸ್ಟಿನ ಪತ್ರಿಕೆಯೂ ಕಾಗದ ಕೊಳ್ಳಬೇಕು, ಜಾಹೀರಾತು ಹಿಡಿಯಬೇಕು, ಏಜೆಂಟರಿಂದ ಹಣ ವಸೂಲಿ ಮಾಡಬೇಕು. ಉದ್ದೇಶ ಸೇವೆಯದೇ ಇರಬಹುದು, ದಿನನಿತ್ಯದ ಕೆಲಸ ವ್ಯಾಪಾರದ್ದೇ ಅಲ್ವಾ?

ಕಂಪನಿ ಒಡೆತನಕ್ಕೆ ‘ವಿಜಯ ಕರ್ನಾಟಕ’ ನೋಡಿ. 1999ರಲ್ಲಿ ವಿಜಯ ಸಂಕೇಶ್ವರ ಶುರು ಮಾಡಿದರು, 2006ರಲ್ಲಿ ಟೈಮ್ಸ್ ಗುಂಪಿಗೆ ಮಾರಿದರು. 2012ರಲ್ಲಿ ಅವರೇ ‘ವಿಜಯವಾಣಿ’ ತಂದರು. ಹಳೆ ಪತ್ರಿಕೆಯ ಹೆಸರು ಹಾಗೇ ಉಳಿಯಿತು, ಯಜಮಾನರು ಬದಲಾದರು.

ಒಡೆತನ ಪತ್ತೆ ಮಾಡೋದು ಕಷ್ಟವಲ್ಲ. ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು, ಅಚ್ಚಾದ ಜಾಗ ಇರುತ್ತದೆ. ಸುಮ್ನೆ ದಾಟಿ ಹೋಗಬೇಡಿ. ಜಾಸ್ತಿ ವಿವರ ಬೇಕಾದರೆ ಗ್ರಂಥಾಲಯದಲ್ಲಿ ಹಳೆ ಫೈಲು ಕೇಳಿ, ಮಾರ್ಚ್ ಮೊದಲ ದಿನಗಳ ಸಂಚಿಕೆ ತೆಗೆಯಿರಿ. 1956ರ ಪತ್ರಿಕೆ ನೋಂದಣಿ ನಿಯಮದಂತೆ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ‘ನಮೂನೆ 4’ ಛಾಪಿಸಬೇಕಿತ್ತು. ಮಾಲೀಕರು ಮತ್ತು ಶೇ 1ಕ್ಕಿಂತ ಹೆಚ್ಚು ಬಂಡವಾಳ ಹಾಕಿದವರ ಹೆಸರು, ವಿಳಾಸ ಅದರಲ್ಲಿ ಸಿಗುತ್ತವೆ. ಬೇರೆ ಬೇರೆ ವರ್ಷದವನ್ನು ಪಕ್ಕಪಕ್ಕ ಇಟ್ಟು ನೋಡಿ. ಹೆಸರು ಬದಲಾಗಿದ್ದರೆ ಪ್ರಾಜೆಕ್ಟಿಗೆ ವಿಷಯ ಸಿಕ್ಕಿತು ಅಂತಲೇ ತಿಳಿಯಿರಿ.

ಪರೀಕ್ಷೆಗೆ: ಪತ್ರಿಕೆಗಳ ನೋಂದಣಿಗೆ ಇದ್ದ 1867ರ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದೆ. ಜಾರಿಯಾದದ್ದು 2024ರ ಮಾರ್ಚ್ 1ರಂದು.