ಹೂಂಗುಟ್ಟುವವರು ಸರಿಯಾಗಿದ್ದರೆ ಕಥೆಯೂ ಸರಿಯಾಗಿರುತ್ತದೆ

ಬೆಂಗಳೂರಿನ ಆಫೀಸುಗಳಲ್ಲಿ ಕಮ್ಯುನಿಕೇಷನ್ ಟ್ರೇನಿಂಗ್ ನಡೆದರೆ ಒಂದು ಸ್ಲೈಡ್ ಬಂದೇ ಬರುತ್ತದೆ. ಮಾತಿನಲ್ಲಿ ಪದಗಳ ಪಾಲು ಬರೀ ಶೇ 7, ದನಿಯದ್ದು ಶೇ 38, ಮುಖ ಮತ್ತು ಮೈಯ ಹಾವಭಾವದ್ದು ಶೇ 55 ಅಂತ. ಹಾಗಾಗಿ ಒಳ್ಳೆಯ ಕೇಳುಗರಾಗಬೇಕಾದರೆ ಎದುರಿನವರ ಕಣ್ಣು, ಕೈ ನೋಡಿ ಅನ್ನುವ ಸಲಹೆ. ಇದನ್ನು ಕೇಳಿದಾಗಲೆಲ್ಲ ನನಗೆ ಸುಮ್ನೆ ಕೂರಲು ಆಗುವುದಿಲ್ಲ. ಪದಕ್ಕೆ ಅಷ್ಟೇ ಬೆಲೆ ಇದ್ದಿದ್ದರೆ, ಗೊತ್ತಿಲ್ಲದ ಭಾಷೆಯ ಸಿನಿಮಾ ನೋಡಿದರೂ ಮುಕ್ಕಾಲು ಪಾಲಿಗಿಂತ ಜಾಸ್ತಿ ಅರ್ಥವಾಗಬೇಕಿತ್ತು, ಅಲ್ವಾ?

ಈ ಅಂಕಿಗಳು ಹುಟ್ಟಿದ್ದು 1967ರಲ್ಲಿ, ಲಾಸ್ ಏಂಜಲೀಸಿನ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಜೊತೆಗಾರರ ಎರಡು ಪ್ರಯೋಗಗಳಿಂದ. ಒಂದರಲ್ಲಿ ಬಿಡಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು. ಇನ್ನೊಂದರಲ್ಲಿ ಒಂದೇ ಪದ, ಜೊತೆಗೆ ಮುಖದ ಫೋಟೋಗಳು. ಮಾತಾಡಿದವರಿಗೆ ಎದುರಿನವರು ಇಷ್ಟವೋ ಇಲ್ಲವೋ ಅನ್ನುವುದನ್ನು ಊಹಿಸಬೇಕಿತ್ತು, ಅಷ್ಟೇ. ಭಾವನೆ, ಇಷ್ಟಾನಿಷ್ಟಗಳ ಮಾತಿಗೆ ಬಿಟ್ಟು ಬೇರೆ ಯಾವುದಕ್ಕೂ ಈ ಲೆಕ್ಕ ಹೊಂದುವುದಿಲ್ಲ ಎಂದು ಮೆಹ್ರಾಬಿಯನ್ ಅವರೇ ಹೇಳಿದರು. ಆದರೂ ಸ್ಲೈಡ್ ಓಡುತ್ತಲೇ ಇದೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದ ಎಚ್. ನರಸಿಂಹಯ್ಯನವರು, ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ ಅಂತ ಈ ಊರಿನ ಮಕ್ಕಳಿಗೆ ಹೇಳುತ್ತಲೇ ಬಂದರು. ಅದು ಪವಾಡಗಳಿಗೆ ಮಾತ್ರ ಅಲ್ಲ, ಇಂಥ ಶೇಕಡಾ ಲೆಕ್ಕಗಳಿಗೂ ಸಲ್ಲುವ ಮಾತು.

ಸರಿ, ಹಾಗಾದರೆ ಕೇಳುವುದರಲ್ಲಿ ನಾವು ಎಡವುವುದು ಎಲ್ಲಿ? ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕವಿದೆ. ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಅಂತರ ಸಾಮಾನ್ಯವಾಗಿ 200 ಮಿಲಿಸೆಕೆಂಡ್ ಆಸುಪಾಸು. ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಆದರೆ ಒಂದು ಚಿತ್ರ ತೋರಿಸಿ ಅದರ ಹೆಸರು ಹೇಳಿ ಅಂದರೆ, ಆ ಒಂದೇ ಒಂದು ಪದ ಬಾಯಿಗೆ ಬರಲು ಸುಮಾರು 600 ಮಿಲಿಸೆಕೆಂಡ್ ಬೇಕು. ಪೂರ್ತಿ ವಾಕ್ಯಕ್ಕೆ ಇನ್ನೂ ಜಾಸ್ತಿ. ಹಾಗಿದ್ದ ಮೇಲೆ 200ರಲ್ಲಿ ಉತ್ತರ ಬರುವುದು ಹೇಗೆ? ಒಂದೇ ದಾರಿ. ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಾವು ಉತ್ತರ ಕಟ್ಟಲು ಶುರು ಮಾಡಿರುತ್ತೇವೆ. ನೆದರ್ಲೆಂಡ್ಸ್‌ನ ನೈಮೇಖನ್‌ನಲ್ಲಿ ಸ್ಟೀಫನ್ ಲೆವಿನ್ಸನ್ ಅವರ ತಂಡ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದು 2015ರಲ್ಲಿ ಇದನ್ನೇ ತೋರಿಸಿತು. ಉತ್ತರದ ಸುಳಿವು ಪ್ರಶ್ನೆಯ ನಡುವೆಯೇ ಸಿಕ್ಕಿಬಿಟ್ಟರೆ, ಅರ್ಧ ಸೆಕೆಂಡಿನೊಳಗೆ ತಯಾರಿ ಶುರು.

ಬಿಎಂಟಿಸಿ ಬಸ್ಸಿನಲ್ಲಿ ಸ್ಟಾಪ್ ಬರುವ ಮೊದಲೇ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇವಲ್ಲ, ಹಾಗೆ. ಹೋಗದಿದ್ದರೆ ಇಳಿಯುವುದು ಕಷ್ಟ. ಆದರೆ ಎರಡು ಸ್ಟಾಪ್ ಮೊದಲೇ ಎದ್ದು ನಿಂತವರಿಗೆ ಕಿಟಕಿಯಾಚೆ ಏನಿದೆ ಅಂತ ಕಾಣುವುದಿಲ್ಲ, ಬಾಗಿಲ ಮೇಲೇ ಗಮನ.

ಕನ್ನಡದಲ್ಲಂತೂ ಇದು ಇನ್ನೂ ನಾಜೂಕು, ಯಾಕೆಂದರೆ ನಮ್ಮ ವಾಕ್ಯದ ತೀರ್ಮಾನ ಇರುವುದೇ ಬಾಲದಲ್ಲಿ. “ಭಾನುವಾರ ಮಲ್ಲೇಶ್ವರದ ಮನೆಗೆ ಅಮ್ಮನನ್ನು ಕರೆದುಕೊಂಡು ಬರೋಕೆ” ಅನ್ನುವವರೆಗೂ ‘ಆಗುತ್ತೆ’ಯೋ ‘ಆಗಲ್ಲ’ವೋ ಗೊತ್ತಿಲ್ಲ. ಆದರೂ ನಾವು ಕಾಯುವುದಿಲ್ಲ, ಊಹಿಸುತ್ತೇವೆ. 2009ರಲ್ಲಿ ಹತ್ತು ಭಾಷೆಗಳನ್ನು ಹೋಲಿಸಿದ ಒಂದು ಅಧ್ಯಯನದಲ್ಲಿ (ಕನ್ನಡ ಇರಲಿಲ್ಲ, ಯಾರಾದರೂ ಮಾಡಬೇಕು) ಎಲ್ಲರಿಗಿಂತ ಬೇಗ ಉತ್ತರ ಕೊಟ್ಟವರು ಜಪಾನಿಯರು. ಅವರ ಭಾಷೆಯಲ್ಲೂ ಕ್ರಿಯಾಪದ ಕೊನೆಗೇ ಬರುವುದು! ಊಹೆ ಅಷ್ಟು ಚುರುಕು. ಊಹೆ ತಪ್ಪಿದಾಗ ಮಾತ್ರ ಅವರು ಹೇಳಿದ್ದಕ್ಕಲ್ಲ, ನಾವು ಅಂದುಕೊಂಡಿದ್ದಕ್ಕೆ ಉತ್ತರ ಕೊಟ್ಟಿರುತ್ತೇವೆ. ಮನೆಯ ಜಗಳಗಳಲ್ಲಿ ಎಷ್ಟೋ ಇಲ್ಲೇ ಹುಟ್ಟುತ್ತವೆ ಅಂತ ನನ್ನ ನಂಬಿಕೆ.

ಈ ತಯಾರಿಯನ್ನು ನಿಲ್ಲಿಸಲು ಆಗುವುದಿಲ್ಲ. “ಮನಸ್ಸು ಖಾಲಿ ಮಾಡಿಕೊಂಡು ಕೇಳಿ” ಅನ್ನುವ ಉಪದೇಶ ಅದಕ್ಕೇ ಕೆಲಸಕ್ಕೆ ಬರುವುದಿಲ್ಲ. ಆದರೆ ಏನನ್ನು ತಯಾರು ಮಾಡುತ್ತೇವೆ ಅನ್ನುವುದು ನಮ್ಮ ಕೈಯಲ್ಲಿದೆ. ಉತ್ತರದ ಬದಲು ಒಂದು ಪ್ರಶ್ನೆ ಕಟ್ಟಲು ಹೊರಟರೆ, ಅದಕ್ಕೆ ಬೇಕಾದ ಸಾಮಗ್ರಿ ಅವರ ಮಾತಿನಿಂದಲೇ ಬರಬೇಕು. ಆಗ ಕಿವಿ ತಾನಾಗಿ ಅತ್ತ ತಿರುಗುತ್ತದೆ.

ಕೇಳುತ್ತಾ ಕೂತರೆ ಮಾತು ಮುಗಿಯುವುದೇ ಇಲ್ಲ ಅಂತ ಭಯವೇ? 1984ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಡಾಕ್ಟರುಗಳು ರೋಗಿಯ ಮಾತಿಗೆ ಸರಾಸರಿ 18 ಸೆಕೆಂಡಿಗೇ ಅಡ್ಡ ಬಂದಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 335 ರೋಗಿಗಳಿಗೆ ಅಡ್ಡ ಬಾರದೆ ಮಾತಾಡಲು ಬಿಟ್ಟು ಅಳೆದರು. 2002ರಲ್ಲಿ ಬಂದ ಆ ಫಲಿತಾಂಶದ ಪ್ರಕಾರ ಅವರು ತಾವಾಗಿಯೇ ನಿಲ್ಲಿಸಲು ತೆಗೆದುಕೊಂಡಿದ್ದು ಸರಾಸರಿ 92 ಸೆಕೆಂಡ್. ಶೇ 78 ಜನ ಎರಡು ನಿಮಿಷದೊಳಗೆ ಮುಗಿಸಿದ್ದರು.

ಇನ್ನು ಹೂಂಗುಟ್ಟುವ ವಿಷಯ. ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ‘ಹೂಂ’ ಅನ್ನಲೇಬೇಕಿತ್ತು, ಇಲ್ಲದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಜ್ಯಾನೆಟ್ ಬವೆಲಾಸ್ ಮತ್ತು ಸಂಗಡಿಗರು 2000ದಲ್ಲಿ ಇದಕ್ಕೆ ಪುರಾವೆ ಕೊಟ್ಟರು. ಒಬ್ಬರು ತಾವು ಕೂದಲೆಳೆಯಲ್ಲಿ ಪಾರಾದ ಘಟನೆ ಹೇಳಬೇಕು. ಕೇಳುವವರಲ್ಲಿ ಕೆಲವರಿಗೆ ಒಂದು ಗುಟ್ಟಿನ ಕೆಲಸ, ‘ಟಿ’ ಅಕ್ಷರದಿಂದ ಶುರುವಾಗುವ ಪದ ಬಂದಾಗಲೆಲ್ಲ ಬಟನ್ ಒತ್ತುವುದು. ಅವರು ಪ್ರತಿ ಪದವನ್ನೂ ಕೇಳಿಸಿಕೊಳ್ಳುತ್ತಿದ್ದರು, ನಿಜ. ಆದರೆ ಸರಿಯಾದ ಜಾಗದಲ್ಲಿ ಉಸಿರು ಬಿಗಿಹಿಡಿಯುವುದು, ‘ಅಯ್ಯೋ’ ಅನ್ನುವುದು ತೀರಾ ಕಡಿಮೆಯಾಯಿತು. ಪರಿಣಾಮ ಆಗಿದ್ದು ಹೇಳುವವರ ಮೇಲೆ. ಅವರ ಕಥೆಯೇ ಕೆಟ್ಟಿತು, ಅದರಲ್ಲೂ ರೋಚಕವಾಗಬೇಕಿದ್ದ ಕೊನೆ. ಕೆಲವರು ಥಟ್ಟನೆ ನಿಲ್ಲಿಸಿದರು, ಕೆಲವರು ಅದೇ ಕೊನೆಯನ್ನು ಮತ್ತೆ ಮತ್ತೆ ವಿವರಿಸಿದರು.

ಫೋನ್ ನೋಡುತ್ತಾ ‘ಹೂಂ, ಹೂಂ’ ಅನ್ನುವಾಗ ನಮ್ಮ ಮನೆಗಳಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಎದುರಿನವರು ತಡವರಿಸುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ. ಅವರ ಮಾತು ಬೋರು ಅಂತ ನಾವು ತೀರ್ಮಾನಿಸಿ ಫೋನಿಗೆ ಇನ್ನಷ್ಟು ಬಾಗುತ್ತೇವೆ. ಯಾರ ಮಾತಾದರೂ ಹಾಗೆ ಎಳೆದಾಡುತ್ತಿದೆ ಅನ್ನಿಸಿದಾಗ ಫೋನ್ ಮಗುಚಿಟ್ಟು, “ಆಮೇಲೆ ನೀವೇನಂದ್ರಿ?” ಅಂತ ಒಮ್ಮೆ ಕೇಳಿ ನೋಡಿ.